ಎಪ್ಪತ್ತೆರಡು ಸುತ್ತು

ರಾತ್ರಿ ಮೂರೂವರೆಗೆ, ಭಾಂಡುಪ್ ಗುಡ್ಡದ ಬುಡದಲ್ಲಿ,
ಮುಚ್ಚಳ ಸರಿಸಿ, ಜಿರಳೆಗಳಿಗೆ ದಾರಿ ಬಿಟ್ಟು,
ನನ್ನೆತ್ತರದ ಕಬ್ಬಿಣದ ಚಾವಿಯನ್ನು ಗುಂಡಿಗೆ ಇಳಿಸುತ್ತೇನೆ.
ಎಪ್ಪತ್ತೆರಡು ಸುತ್ತು. ಒಂದೂ ಹೆಚ್ಚಿಲ್ಲ.
ಹಳೇ ಪೈಪು; ಅವಸರ ಮಾಡಿದರೆ
ಎಲ್ಲೋ ಯಾರದೋ ಅಡುಗೆಮನೆಯ ಕೆಳಗೆ ಒಡೆಯುತ್ತದೆ.
ಹತ್ತೊಂಬತ್ತು ವರ್ಷದ ಕೆಲಸ. ಲೆಕ್ಕ ಕೈಗೆ ಗೊತ್ತು, ಬಾಯಿಗೆ ಬೇಕಿಲ್ಲ.

ಈ ತಿಂಗಳು ಮಾತ್ರ ಬಾಯಿಬಿಟ್ಟು ಎಣಿಸುತ್ತಿದ್ದೇನೆ.

ಸಾಯನ್ನಿನ ಆಸ್ಪತ್ರೆ, ಎರಡನೇ ಮಹಡಿ,
ಗಾಜಿನ ಡಬ್ಬಿಯೊಳಗೆ ಎಂಟುನೂರ ನಲವತ್ತು ಗ್ರಾಮು.
ಕಾಲಿನ ಪಟ್ಟಿಯಲ್ಲಿ ಹೆಸರಿಲ್ಲ: ನೀಲವ್ವನ ಮಗು, ಹೆಣ್ಣು.
ಹದಿಮೂರು ವಾರ ಮುಂಚೆ ಬಂದವಳು.
ನಾಲತವಾಡದಿಂದ ಅತ್ತೆ ಫೋನಿನಲ್ಲಿ ಕೇಳಿದಳು:
“ಏನ್ ಅರ್ಜೆಂಟ್ ಇತ್ತವ್ವಾ ನಿನಗ, ನೀರಿನ ಪಾಳಿ ತಪ್ಪತಿತ್ತೇನು?”

ಸಬ್ನೀಸ್ ಡಾಕ್ಟರ್ ಬಾಯಿ ಚೀಟಿಯ ಬೆನ್ನಿಗೆ ಚಿತ್ರ ಬರೆದರು.
ಕೊಂಬೆ, ಕೊಂಬೆಗೆ ಕೊಂಬೆ, ತುದಿಗೆ ಗುಳ್ಳೆ,
ಗುಳ್ಳೆಯ ಸುತ್ತ, ಕೆಂಪು ಪೆನ್ನು ಸಿಗದೆ ನೀಲಿಯಲ್ಲೇ,
ರಕ್ತನಾಳದ ಬಲೆ.
ಅವರ ಮರಾಠಿ ನನ್ನ ತಲೆಯಲ್ಲಿ ವಿಜಾಪುರದ ಮಾತಾಗಿ ಇಳಿಯಿತು:
“ಮೊದಲ ಪುಪ್ಪುಸ ಕಟ್ಟಿ, ಆಮ್ಯಾಲ ಅದಕ್ಕ ರಕ್ತದ ಲೈನ್ ಎಳೀತಾರ ಅನಕೋಬ್ಯಾಡ್ರಿ.
ನಾಳದ ಒಳಗ್ವಾಡಿಗೆ ಜೀವಕೋಶ ಇರ್ತಾವು. ಬರೇ ಗ್ವಾಡಿ ಅಲ್ಲ ಅವು.
ಇಲ್ಲಿ ಮಡಚು, ಇಲ್ಲೊಂದು ಅಡ್ಡಗ್ವಾಡಿ ಎಬ್ಬಿಸು,
ಒಂದ್ ಖೋಲಿ ಇದ್ದದ್ದು ಹತ್ತು ಮಾಡು,
ಅಂತ ಗೌಂಡಿಗೆ ಹೇಳೂವು ಅವೇ.
ಅವು ಸುಮ್ಮನಾದ್ರ ಗೌಂಡಿನೂ ಕೈ ಕಟ್ಟಿ ಕೂಡ್ತಾನ.
ನಿಮ್ಮ ಮಗಳ ಎದಿಯಾಗ ಖೋಲಿ ಕಡಿಮಿ. ಇದ್ದಷ್ಟು ದೊಡ್ಡವು, ಖಾಲಿ.”

ತಲೆಯಾಡಿಸಿದೆ. ಇದು ನನಗೆ ಗೊತ್ತಿದ್ದದ್ದೇ.
ಈ ಗುಡ್ಡದಲ್ಲಿ ಮನೆಗಳಾದ ಮೇಲೆ ನೀರು ಬಂದದ್ದಲ್ಲ.
ಯಾವ ಸಾಲಿಗೆ ಅರ್ಧ ಇಂಚಿನ ಪೈಪು ಹತ್ತಿತೋ
ಆ ಸಾಲಿನಲ್ಲಿ ತಗಡು ಇಟ್ಟಿಗೆಯಾಯಿತು,
ಇಟ್ಟಿಗೆಯ ಮೇಲೆ ಮಾಳಿಗೆ, ನಡುವೆ ಪರದೆ,
ಪರದೆಯಾಚೆ ಬಾಡಿಗೆಯವರು, ಅವರ ಹೊಲಿಗೆ ಮಿಷನ್ನು.
ಪೈಪು ಹತ್ತದ ತುದಿಯಲ್ಲಿ ಈಗಲೂ ಒಂದೇ ದೊಡ್ಡ ಷೆಡ್ಡು,
ಒಳಗೆ ಗಾಳಿ ಮಾತ್ರ.

ಮುಂದಿನದು ಗೊತ್ತಿರಲಿಲ್ಲ.
ಬದುಕಿಸಲು ಕೊಡುವ ಆಮ್ಲಜನಕವೇ
ಜಾಸ್ತಿಯಾದರೆ ಆ ಜೀವಕೋಶಗಳನ್ನು ಸುಡುತ್ತದಂತೆ.
ಸುಟ್ಟವು ತಪ್ಪು ಮಾತು ಕಲಿಯುತ್ತವಂತೆ,
‘ಬೆಳೆ’ ಅನ್ನಬೇಕಾದಲ್ಲಿ ‘ಬಿಗಿ’ ಅನ್ನುತ್ತವಂತೆ.
ನಾಳ ದಪ್ಪಗಾಗಿ, ಒತ್ತಡ ಏರಿ,
ಹೆಬ್ಬೆರಳ ತುದಿಯಷ್ಟಿರುವ ಹೃದಯದ ಬಲಮಗ್ಗಲು
ಗುಡ್ಡಕ್ಕೆ ನೀರೆತ್ತುವ ಪಂಪಿನ ಹಾಗೆ ನರಳುತ್ತದಂತೆ.
ಕಡಿಮೆ ಕೊಟ್ಟರೆ? ಕೇಳಿದೆ.
ಕಡಿಮೆ ಕೊಟ್ಟರೂ ಕಷ್ಟವೇ ಎಂದರು.
ಖಾಲಿ ಕೊಡ ಹಿಡಿದು ಜಗಳಕ್ಕೆ ಬಂದವರಿಗೆ
ನಾನು ಹೇಳುವ ಮಾತು. ನನ್ನ ಕಡೆಗೇ ತಿರುಗಿತ್ತು.

ರಾತ್ರಿಪಾಳಿಯ ಕುಂದಾ ಸಿಸ್ಟರ್ ಬಿರಡೆಯ ಮೇಲೆ ಎರಡು ಬೆರಳಿಟ್ಟು
ಮೂವತ್ತೊಂದರಿಂದ ಮೂವತ್ತಕ್ಕೆ ಇಳಿಸಿದಳು.
ಕಾದಳು.
ನಾನು ನೋಡುತ್ತಿದ್ದದ್ದು ಅವಳ ಕೈಯನ್ನು, ಮಗುವನ್ನಲ್ಲ.
ಒಳ್ಳೆಯ ಕೈ. ಗಡಿಬಿಡಿಯಿಲ್ಲದ ಕೈ.
ಪರದೆಯ ಅಂಕಿ ತೊಂಬತ್ತಕ್ಕೆ ಬಿತ್ತು, ಎಂಬತ್ತೆಂಟಕ್ಕೆ ಬಿತ್ತು,
ಎಂಬತ್ತೆಂಟರಲ್ಲಿ ಕೂತು ಯೋಚಿಸಿತು,
ತೊಂಬತ್ತೊಂದು.
ಗಾಜಿನ ಕಿಂಡಿಯಲ್ಲಿ ನೀಲವ್ವ ಬೆರಳು ತೂರಿಸಿದ್ದಳು.
“ಹಿಡಕೊಂಡಾಳ ನೋಡ್ರಿ,” ಅಂದಳು. “ಬಿಡವಲ್ಲಳು.”

ಅರವತ್ತೆಂಟು. ಅರವತ್ತೊಂಬತ್ತು.
ನೆಲದಡಿ ಏನೋ ಮಗ್ಗಲು ಬದಲಿಸುತ್ತದೆ.
ನೀರಿಗೂ ಮುಂಚೆ ನಳಗಳಿಗೆ ಗಾಳಿ ಬರುತ್ತದೆ.
ಗುಡ್ಡದ ತುಂಬ, ಕತ್ತಲಲ್ಲಿ, ತಿರುಪು ಬಿಟ್ಟು ಮಲಗಿದವರ ನಳಗಳೆಲ್ಲ
ಸೀನಿ, ಕೆಮ್ಮಿ, ಸುಯ್ಯೆಂದು ಉಸಿರು ಬಿಡುತ್ತವೆ.
ಇಷ್ಟು ವರ್ಷ ಈ ಸದ್ದನ್ನು ನಾನು ಕೇಳಿಯೇ ಇರಲಿಲ್ಲ.
ಮೇಲಿಂದ ಯಾರೋ ಕೂಗುತ್ತಾಳೆ, “ಆಲಂ ಕಾ?” ಬಂತಾ ಅಂತ.
ಎಪ್ಪತ್ತೊಂದರಲ್ಲಿ ಕೈ ನಿಂತಿದೆ.

ತಡಿಯವ್ವಾ.
ಇನ್ನೊಂದು ಸುತ್ತು ಬಾಕಿ.